ಮೊದಲು ಬೇರೆಯವರ ದನಿ, ಆಮೇಲೆ ತಮ್ಮದು: ಹಿಂದಿ ಹಿನ್ನೆಲೆ ಗಾಯಕರ ಶುರುವಿನ ವರ್ಷಗಳು

1945ರಲ್ಲಿ ಬಂದ 'ಪೆಹಲಿ ನಜರ್' ಚಿತ್ರದ 'ದಿಲ್ ಜಲ್ತಾ ಹೈ ತೋ ಜಲ್ನೇ ದೇ' ಹಾಡನ್ನು ಮೊದಲ ಸಲ ಕೇಳುವವರು ಆಗಿನ ಹೆಸರಾಂತ ಗಾಯಕ-ನಟ ಕೆ.ಎಲ್. ಸೈಗಲ್ ಹಾಡುತ್ತಿದ್ದಾರೆ ಅಂತಲೇ ಅಂದುಕೊಳ್ಳುತ್ತಾರೆ. ಹಾಡಿದ್ದು ಮುಕೇಶ್. ಆಗ ಅವರಿಗೆ ಇಪ್ಪತ್ತೆರಡರ ಆಸುಪಾಸು. ಮೂರು ವರ್ಷದ ನಂತರದ 'ಜಿದ್ದಿ' ಚಿತ್ರದಲ್ಲಿ 'ಮರ್ನೇ ಕಿ ದುವಾಯೇಂ ಕ್ಯೋಂ ಮಾಂಗೂಂ' ಕೇಳಿ. ಅಲ್ಲೂ ಸೈಗಲ್ ನೆರಳು. ಹಾಡಿದ್ದು ಕಿಶೋರ್ ಕುಮಾರ್. ಲತಾ ಮಂಗೇಶ್ಕರ್ ಅವರ 1948ರ ಸುತ್ತಿನ ಹಾಡುಗಳಲ್ಲಿ ಗಾಯಕಿ-ನಟಿ ನೂರ್ ಜಹಾನ್ ಛಾಯೆ ಎದ್ದು ಕಾಣುತ್ತದೆ.

ಮುಂದೆ ಒಂದೇ ಸಾಲು ಕೇಳಿದರೂ ಗುರುತು ಹಿಡಿಯುವಂಥ ದನಿಗಳಾದವರು ಇವರೆಲ್ಲ. ಶುರುವಿನಲ್ಲಿ ಮಾತ್ರ ಬೇರೆಯವರ ಹಾಗೆ ಹಾಡಿದರು. ಯಾಕೆ? ಇದನ್ನು ಬರೀ ಅನುಕರಣೆ ಅಂದುಬಿಟ್ಟರೆ ಅರ್ಧ ಕತೆ ಬಿಟ್ಟುಹೋಗುತ್ತದೆ. ಹಿನ್ನೆಲೆ ಗಾಯನ ಅನ್ನುವ ಕೆಲಸವೇ ಆಗಿನ್ನೂ ರೂಪ ಪಡೆಯುತ್ತಿತ್ತು. ಅದಕ್ಕೆ ಶಾಲೆ ಇರಲಿಲ್ಲ, ಗುರುಗಳಿರಲಿಲ್ಲ. ಹಾಡುವವರ ಹೆಸರು ಕೂಡ ಹೊರಗೆ ಬರುತ್ತಿರಲಿಲ್ಲ. ಇದು ಅರ್ಥವಾಗಬೇಕಾದರೆ ಸ್ವಲ್ಪ ಹಿಂದಿನಿಂದ ಶುರು ಮಾಡಬೇಕು.

ಭಾರತದ ಮೊದಲ ಟಾಕಿ, ಅಂದರೆ ಮಾತಾಡುವ ಚಿತ್ರ, 'ಆಲಂ ಆರಾ' ಬಿಡುಗಡೆಯಾದದ್ದು 1931ರ ಮಾರ್ಚ್ 14ರಂದು, ಮುಂಬೈಯಲ್ಲಿ. ಅದರ 'ದೇ ದೇ ಖುದಾ ಕೆ ನಾಮ್ ಪೆ' ಹಾಡಿದವರು ಡಬ್ಲ್ಯು.ಎಂ. ಖಾನ್. ಫಕೀರನ ಪಾತ್ರ ಮಾಡಿದವರೂ ಅವರೇ. ಆಗ ಎಲ್ಲ ಹಾಡುಗಳ ಕತೆಯೂ ಇಷ್ಟೇ. ಯಾರು ಪಾತ್ರ ಮಾಡುತ್ತಾರೋ ಅವರೇ ಹಾಡಬೇಕು, ಅದೂ ಕ್ಯಾಮೆರಾ ಎದುರಿಗೇ. ಹಾರ್ಮೋನಿಯಂ, ತಬಲಾ ಹಿಡಿದವರು ಕ್ಯಾಮೆರಾ ಕಣ್ಣಿಗೆ ಬೀಳದ ಹಾಗೆ ಎಲ್ಲೋ ಮರೆಯಲ್ಲಿ ಕೂತಿರುತ್ತಿದ್ದರು. ಮೈಕನ್ನೂ ಬಚ್ಚಿಡಬೇಕಿತ್ತು. ನಟ ಮೈಕಿನಿಂದ ದೂರ ಸರಿದರೆ ದನಿಯೂ ಹೋಯಿತು. ಹಾಗಾಗಿ ಹಾಡು ಬಂತೆಂದರೆ ಪಾತ್ರಗಳು ನಿಂತಲ್ಲೇ ನಿಲ್ಲುತ್ತಿದ್ದವು.

ಈ ಗಂಟನ್ನು ಬಿಚ್ಚಿದ್ದು ಕಲ್ಕತ್ತೆಯ ನ್ಯೂ ಥಿಯೇಟರ್ಸ್ ಸ್ಟುಡಿಯೋ. 1935ರಲ್ಲಿ ನಿತಿನ್ ಬೋಸ್ ನಿರ್ದೇಶಿಸಿದ 'ಧೂಪ್ ಛಾಂವ್' ಮತ್ತು ಅದರ ಬಂಗಾಳಿ ರೂಪ 'ಭಾಗ್ಯ ಚಕ್ರ' ಚಿತ್ರಗಳಲ್ಲಿ ಹಾಡನ್ನು ಮೊದಲೇ ಧ್ವನಿಮುದ್ರಿಸಿ, ಆಮೇಲೆ ಚಿತ್ರೀಕರಣ ಮಾಡಿದರು. ಸಂಗೀತ ಆರ್.ಸಿ. ಬೋರಾಲ್ ಅವರದು. ಶಬ್ದದ ಕೆಲಸ ನೋಡಿಕೊಂಡವರು ನಿತಿನ್ ಅವರ ತಮ್ಮ ಮುಕುಲ್ ಬೋಸ್. ಗಾಯಕ ಪಂಕಜ್ ಮಲ್ಲಿಕ್ ಮನೆಯಲ್ಲಿ ಗ್ರಾಮೊಫೋನ್ ರೆಕಾರ್ಡಿನ ಜೊತೆಗೆ ದನಿ ಸೇರಿಸಿ ಹಾಡುತ್ತಿದ್ದುದನ್ನು ಕೇಳಿ ನಿತಿನ್ ಬೋಸ್‌ಗೆ ಈ ಯೋಚನೆ ಹೊಳೆಯಿತು ಅನ್ನುವ ಕತೆ ಇದೆ.

ಮಾಡುವ ರೀತಿ ಸರಳ. ಗಾಯಕರು ಮೈಕಿನ ಮುಂದೆ ಹಾಡುತ್ತಾರೆ. ಆ ಹಾಡನ್ನು ಚಿತ್ರೀಕರಣದ ಜಾಗದಲ್ಲಿ ಲೌಡ್‌ಸ್ಪೀಕರಿನಲ್ಲಿ ಹಾಕುತ್ತಾರೆ. ನಟರು ಅದಕ್ಕೆ ತುಟಿ ಕೂಡಿಸುತ್ತಾರೆ. ಕ್ಯಾಮೆರಾ ಎಲ್ಲಿ ಬೇಕಾದರೂ ಓಡಾಡಬಹುದು, ನಟಿ ಓಡಬಹುದು, ಕುಣಿಯಬಹುದು. ಇದರಿಂದ ಇನ್ನೂ ದೊಡ್ಡ ಬದಲಾವಣೆ ಒಂದು ಆಯಿತು. ಮುಖ ಒಬ್ಬರದು, ದನಿ ಇನ್ನೊಬ್ಬರದು ಆಗಬಹುದಾಯಿತು.

ಆದರೆ ಹಾಗಾಗಲು ಸುಮಾರು ಹತ್ತು ವರ್ಷ ಹಿಡಿಯಿತು. ತಂತ್ರ ಬಂದ ಮಾತ್ರಕ್ಕೆ ರೂಢಿ ಬದಲಾಗುವುದಿಲ್ಲ ಅಲ್ವಾ? 1930ರ ದಶಕದಲ್ಲಿ ನಟರು, ಸಂಗೀತಗಾರರು, ತಂತ್ರಜ್ಞರು ಎಲ್ಲರೂ ಸ್ಟುಡಿಯೋದ ಸಂಬಳದ ನೌಕರರು. ಹೇಗೂ ಸಂಬಳ ಕೊಡುತ್ತಿರುವಾಗ ಹಾಡುವ ನಟರನ್ನೇ ಇಟ್ಟುಕೊಂಡರೆ ಲಾಭ. ಅಶೋಕ್ ಕುಮಾರ್, ದೇವಿಕಾ ರಾಣಿ ದೊಡ್ಡ ಗಾಯಕರಲ್ಲ, ಆದರೂ 'ಅಛೂತ್ ಕನ್ಯಾ'ದಲ್ಲಿ ತಾವೇ ಹಾಡಿದರು. ಧಾರವಾಡದಲ್ಲಿ ಹುಟ್ಟಿದ ಲೀಲಾ ಚಿಟ್ನಿಸ್ ಕೂಡ ಬಾಂಬೆ ಟಾಕೀಸ್ ಚಿತ್ರಗಳಲ್ಲಿ ಅಶೋಕ್ ಕುಮಾರ್ ಜೊತೆ ಹಾಡಿದರು.

ಜೊತೆಗೆ ಮರ್ಯಾದೆಯ ಪ್ರಶ್ನೆಯೂ ಇತ್ತು. ನನ್ನ ದನಿಯನ್ನು ಇನ್ನೊಬ್ಬನ ಬಾಯಿಗೆ ಯಾಕೆ ಕೊಡಲಿ? 1943ರ 'ರಾಮ್ ರಾಜ್ಯ' ಚಿತ್ರದ ಒಂದು ಹಾಡಿಗೆ ಕೆ.ಸಿ. ಡೇ ಅವರನ್ನು ಕೇಳಿದಾಗ ಅವರು ಒಪ್ಪಲಿಲ್ಲ. ಅವರು ತೆರೆಯ ಮೇಲೂ ಕಾಣಿಸುತ್ತಿದ್ದ ಗಾಯಕ-ನಟ. ಬೇರೆ ನಟನಿಗೆ ಹಾಡುವುದು ಅವರಿಗೆ ಸರಿಬರಲಿಲ್ಲ. ಬದಲಿಗೆ ತಮ್ಮ ಸಹಾಯಕನಾಗಿ 1942ರಲ್ಲಿ ಮುಂಬೈಗೆ ಬಂದಿದ್ದ ಅಣ್ಣನ ಮಗನನ್ನು ತೋರಿಸಿದರು. ಆ ಹುಡುಗನೇ ಮನ್ನಾ ಡೇ. ಹಾಡಿದ್ದು 'ಗಯೀ ತು ಗಯೀ ಸೀತಾ ಸತಿ'. ತೆರೆಯ ಮೇಲೆ ಅದು ವಾಲ್ಮೀಕಿ ಮಹರ್ಷಿಯ ಹಾಡು. ಇಪ್ಪತ್ತರ ಹರೆಯದ ಹುಡುಗನ ದನಿ ಬಿಳಿಗಡ್ಡದ ಮುದುಕನಿಗೆ ಹೋಯಿತು. ಹಾಡು ಜನಕ್ಕೆ ಹಿಡಿಸಿತು. ಹಿಡಿಸಿದ್ದೇ ಮನ್ನಾ ಡೇಗೆ ತೊಂದರೆಯಾಯಿತು. ಆಮೇಲೆ ವರ್ಷಗಟ್ಟಲೆ ಭಕ್ತಿಗೀತೆ, ಸಾಧು ಸಂತರು, ಮುದುಕರ ಪಾತ್ರಗಳ ಹಾಡುಗಳೇ ಅವರನ್ನು ಹುಡುಕಿಕೊಂಡು ಬಂದವು. 1950ರ 'ಮಶಾಲ್' ಚಿತ್ರದ 'ಊಪರ್ ಗಗನ್ ವಿಶಾಲ್' ಬರುವವರೆಗೂ ಅವರ ಹೆಸರು ದೊಡ್ಡದಾಗಿ ಕೇಳಲಿಲ್ಲ. ಶುರುವಿನಲ್ಲಿ ಯಾವ ಹಾಡು ಕೈಗೆ ಬರುತ್ತದೋ ಅದೇ ಗಾಯಕನ ಹಣೆಪಟ್ಟಿ ಆಗಿಬಿಡುತ್ತಿತ್ತು.

ಹಳೆಯ ಪದ್ಧತಿ ಹೊಸದರ ಕಡೆ ಹೊರಳಿದ ಹೊತ್ತನ್ನು ಒಂದೇ ಚಿತ್ರದಲ್ಲಿ ನೋಡಬೇಕೆಂದರೆ 1943ರ 'ಕಿಸ್ಮತ್' ನೋಡಬೇಕು. ಸಂಗೀತ ಅನಿಲ್ ಬಿಸ್ವಾಸ್. 'ಧೀರೇ ಧೀರೇ ಆ ರೇ ಬಾದಲ್' ಹಾಡಿಗೆ ನಾಯಕ ಅಶೋಕ್ ಕುಮಾರ್ ತಾವೇ ದನಿ ಕೊಟ್ಟರು. ನಾಯಕಿ ಮುಮ್ತಾಜ್ ಶಾಂತಿಗೆ ಮಾತ್ರ ಬೇರೆಯವರ ದನಿ. ಆ ದನಿ ನಮ್ಮ ಬೀಳಗಿಯದು. ಅಮೀರ್‌ಬಾಯಿ ಕರ್ನಾಟಕಿ.

ಅಮೀರ್‌ಬಾಯಿ ಅವರ ಬಗ್ಗೆ ನಾವು ಕನ್ನಡಿಗರು ಇನ್ನಷ್ಟು ಮಾತಾಡಬೇಕು ಅಂತ ನನಗೆ ಯಾವಾಗಲೂ ಅನಿಸುತ್ತದೆ. ಈಗಿನ ಬಾಗಲಕೋಟೆ ಜಿಲ್ಲೆಯ ಬೀಳಗಿಯಲ್ಲಿ ಹುಟ್ಟಿದವರು. ಅಕ್ಕ ಗೋಹರ್‌ಬಾಯಿ ಕೂಡ ಗಾಯಕಿ, ನಟಿ. ಮರಾಠಿ ರಂಗನಟ ಬಾಲಗಂಧರ್ವರ ಜೊತೆ ರಂಗದಲ್ಲಿ ದುಡಿದವರು. ಅಮೀರ್‌ಬಾಯಿ ಮುಂಬೈಗೆ ಹೋಗಿ 1930ರ ದಶಕದಲ್ಲಿ ಚಿತ್ರಗಳಲ್ಲಿ ನಟಿಸಿದರು, ಹಾಡಿದರು. ದೊಡ್ಡ ಹೆಸರು ಬಂದದ್ದು 'ಕಿಸ್ಮತ್'ನಿಂದ. 'ಅಬ್ ತೇರೇ ಸಿವಾ ಕೌನ್ ಮೇರಾ', 'ಘರ್ ಘರ್ ಮೇ ದಿವಾಲಿ' ಅವರವೇ. ಖಾನ್ ಮಸ್ತಾನಾ ಜೊತೆ ಹಾಡಿದ 'ದೂರ್ ಹಟೋ ಐ ದುನಿಯಾವಾಲೋ ಹಿಂದೂಸ್ತಾನ್ ಹಮಾರಾ ಹೈ' ಅಂತೂ ಊರೂರಿಗೆ ಹಬ್ಬಿತು. ಕ್ವಿಟ್ ಇಂಡಿಯಾ ಚಳವಳಿ ನಡೆದ ಮರುವರ್ಷ ಅದು. ಕವಿ ಪ್ರದೀಪ್ ಸಾಲಿನೊಳಗೆ ಜರ್ಮನಿ, ಜಪಾನ್ ಹೆಸರು ಸೇರಿಸಿದ್ದರು. ಆಗ ಆ ದೇಶಗಳು ಬ್ರಿಟಿಷರ ಶತ್ರುಗಳು. ಹಾಗಾಗಿ ಹಾಡು ಸೆನ್ಸಾರ್ ದಾಟಿತು. ಕೇಳಿದ ಜನಕ್ಕೆ ಯಾರನ್ನು ದೂರ ಹೋಗು ಅನ್ನುತ್ತಿದ್ದಾರೆ ಅಂತ ಚೆನ್ನಾಗಿ ಗೊತ್ತಾಗಿತ್ತು. ಕಲ್ಕತ್ತೆಯ ರಾಕ್ಸಿ ಚಿತ್ರಮಂದಿರದಲ್ಲಿ 'ಕಿಸ್ಮತ್' ಮೂರು ವರ್ಷಕ್ಕೂ ಜಾಸ್ತಿ ಓಡಿತು.

ಅಮೀರ್‌ಬಾಯಿ, ಜೊಹ್ರಾಬಾಯಿ ಅಂಬಾಲೆವಾಲಿ, ರಾಜ್‌ಕುಮಾರಿ, ಶಂಶಾದ್ ಬೇಗಂ. ಹಿನ್ನೆಲೆ ಗಾಯನವನ್ನೇ ಕೆಲಸ ಮಾಡಿಕೊಂಡ ಮೊದಲ ತಲೆಮಾರಿನ ಹೆಣ್ಣುಮಕ್ಕಳು ಇವರು. ದನಿ ತುಂಬು, ಗಟ್ಟಿ, ಸ್ವಲ್ಪ ಮೂಗಿನಿಂದ ಬರುವಂಥದು. ರಂಗಭೂಮಿ ಮತ್ತು ಮೆಹಫಿಲ್‌ಗಳಲ್ಲಿ ಬೆಳೆದ ಗಾಯನದ ರೀತಿ ಅದು. ಮೈಕ್ ಇಲ್ಲದೆ ಹಿಂದಿನ ಸಾಲಿಗೂ ಕೇಳಿಸಬೇಕು. ಅಂದಿನ ಮೈಕುಗಳಿಗೂ ಇಂಥ ದನಿಯೇ ಹೊಂದುತ್ತಿತ್ತು. ಜೊಹ್ರಾಬಾಯಿ 1944ರ 'ರತನ್' ಚಿತ್ರಕ್ಕೆ ಹಾಡಿದ 'ಅಖಿಯಾಂ ಮಿಲಾಕೆ' ಕೇಳಿದರೆ ಈ ಮಾತು ತಟ್ಟನೆ ತಿಳಿಯುತ್ತದೆ.

ಶಂಶಾದ್ ಬೇಗಂ ಲಾಹೋರಿನವರು. ಅಲ್ಲಿ ಅವರ ದನಿಯನ್ನು ಗುರುತಿಸಿದವರು ಸಂಗೀತ ನಿರ್ದೇಶಕ ಗುಲಾಂ ಹೈದರ್. ಒಂದು ರೆಕಾರ್ಡ್ ಕಂಪನಿಗೆ ಹನ್ನೆರಡು ಹಾಡಿನ ಒಪ್ಪಂದ ಆಯಿತು. ಮಗಳು ಹಾಡಲು ಅಪ್ಪ ಒಪ್ಪಿದ್ದು ಎರಡು ಷರತ್ತಿನ ಮೇಲೆ. ಬುರ್ಖಾ ಹಾಕಿಕೊಂಡೇ ಹೋಗಬೇಕು, ಫೋಟೊ ತೆಗೆಸಿಕೊಳ್ಳಬಾರದು. 'ಖಜಾಂಚಿ' ಚಿತ್ರದ ಹಾಡುಗಳು 1941ರಲ್ಲಿ ದೇಶವೆಲ್ಲ ಸುತ್ತಿದರೂ ಹಾಡಿದವರ ಮುಖ ಯಾರಿಗೂ ಗೊತ್ತಿರಲಿಲ್ಲ. ತೆರೆಯ ಹಿಂದೆ ಇದ್ದುಕೊಂಡೇ ಹಾಡುವ ಅವಕಾಶ ಸಿಕ್ಕಿದ್ದರಿಂದ ಎಷ್ಟೋ ಮನೆಗಳ ಹೆಣ್ಣುಮಕ್ಕಳಿಗೆ ಬಾಗಿಲು ತೆರೆಯಿತು. ನಟನೆಗೆ ಒಪ್ಪದ ಅಪ್ಪ, ಅಣ್ಣಂದಿರು ಹಾಡುವುದಕ್ಕೆ ಒಪ್ಪುತ್ತಿದ್ದರು.

ಗುಲಾಂ ಹೈದರ್ ಇದ್ದ ಆ ಲಾಹೋರಿನಲ್ಲೇ ಮೊಹಮ್ಮದ್ ರಫಿ ಬೆಳೆದರು. ಅಮೃತಸರದ ಹತ್ತಿರದ ಕೋಟ್ಲಾ ಸುಲ್ತಾನ್ ಸಿಂಗ್ ಅನ್ನುವ ಹಳ್ಳಿಯಲ್ಲಿ 1924ರಲ್ಲಿ ಹುಟ್ಟಿದವರು. ಲಾಹೋರಿನಲ್ಲಿ ಅವರ ಮನೆಯವರದು ಕ್ಷೌರದ ಅಂಗಡಿ. 'ಗುಲ್ ಬಲೋಚ್' ಅನ್ನುವ ಪಂಜಾಬಿ ಚಿತ್ರದಲ್ಲಿ ಸಂಗೀತ ನಿರ್ದೇಶಕ ಶ್ಯಾಮ್ ಸುಂದರ್ ರಫಿಯಿಂದ ಮೊದಲ ಹಾಡು ಹಾಡಿಸಿದರು. 1944ರಲ್ಲಿ ರಫಿ ಮುಂಬೈಗೆ ಬಂದು ಭೇಂಡಿ ಬಜಾರಿನಲ್ಲಿ ಉಳಿದುಕೊಂಡರು. ಬಂದ ಕೂಡಲೇ ನಾಯಕನ ಹಾಡು ಸಿಕ್ಕಿತೇ? ಇಲ್ಲ. ಸಂಗೀತ ನಿರ್ದೇಶಕ ನೌಷಾದ್ ಅವರ 'ಪೆಹಲೇ ಆಪ್' ಚಿತ್ರದಲ್ಲಿ ಸಿಕ್ಕಿದ್ದು ಕೋರಸ್. ಸೈನಿಕರು ಕವಾಯತು ಮಾಡುತ್ತ ಹಾಡುವ 'ಹಿಂದೂಸ್ತಾನ್ ಕೇ ಹಮ್ ಹೈಂ' ಅದು. ಬೂಟಿನ ಸದ್ದು ಹಾಡಿನೊಳಗೇ ಬರಬೇಕಿತ್ತು. ಹಾಗಾಗಿ ಹಾಡುವವರಿಗೆಲ್ಲ ಭಾರದ ಬೂಟು ತೊಡಿಸಿ, ಕಾಲು ಬಡಿಯುತ್ತ ಹಾಡಿಸಿದರು. ಮುಗಿಯುವ ಹೊತ್ತಿಗೆ ರಫಿಯ ಕಾಲು ಗಾಯವಾಗಿತ್ತು ಅಂತ ನೌಷಾದ್ ಆಮೇಲೆ ನೆನೆಯುತ್ತಿದ್ದರು.

ಎರಡು ವರ್ಷ ಕಳೆದು 'ಶಾಹ್ ಜಹಾನ್' ಬಂತು. ನಾಯಕ ಸೈಗಲ್. 'ಮೇರೇ ಸಪ್ನೋಂ ಕಿ ರಾಣಿ ರೂಹಿ ರೂಹಿ' ಹಾಡಿನ ಕೊನೆಯಲ್ಲಿ ರಫಿಗೆ ಒಂದೆರಡು ಸಾಲು. ಸೈಗಲ್ ಜೊತೆ ಹಾಡಿದೆ ಅನ್ನುವುದೇ ಆಗ ರಫಿಗೆ ದೊಡ್ಡ ಸಂಪಾದನೆ. ಮರುವರ್ಷ 'ಜುಗ್ನು' ಚಿತ್ರದಲ್ಲಿ ನೂರ್ ಜಹಾನ್ ಜೊತೆಗಿನ 'ಯಹಾಂ ಬದ್ಲಾ ವಫಾ ಕಾ' ಹಾಡಿನಿಂದ ಜನ ಗುರುತಿಸತೊಡಗಿದರು. ಅವರನ್ನು ದೊಡ್ಡ ಗಾಯಕರ ಸಾಲಿಗೆ ಏರಿಸಿದ 'ಬೈಜು ಬಾವ್ರಾ' ಬಂದದ್ದು 1952ರಲ್ಲಿ. ಕೋರಸ್‌ನಿಂದ ಅಲ್ಲಿಗೆ ಎಂಟು ವರ್ಷ.

ಗೀತಾ ದತ್ ಆಗಿನ್ನೂ ಗೀತಾ ರಾಯ್. 1946ರ 'ಭಕ್ತ ಪ್ರಹ್ಲಾದ್' ಚಿತ್ರದಲ್ಲಿ ಅವರಿಗೆ ಸಿಕ್ಕಿದ್ದೂ ಎರಡೇ ಸಾಲು. ಆ ಎರಡು ಸಾಲಿನಲ್ಲೇ ಸಂಗೀತ ನಿರ್ದೇಶಕ ಎಸ್.ಡಿ. ಬರ್ಮನ್‌ಗೆ ಏನೋ ಕೇಳಿಸಿತು. ಮರುವರ್ಷ 'ದೋ ಭಾಯಿ' ಚಿತ್ರದ 'ಮೇರಾ ಸುಂದರ್ ಸಪ್ನಾ ಬೀತ್ ಗಯಾ' ಅವರಿಗೇ ಕೊಟ್ಟರು. ಆಗ ಗೀತಾಗೆ ಹದಿನಾರು. ಕೋರಸ್, ಒಂದು ಸಾಲು, ಎರಡು ಸಾಲು: ಗಾಯಕರನ್ನು ಪರೀಕ್ಷೆ ಮಾಡುವ ಕ್ರಮ ಹೀಗಿತ್ತು.

ಈಗ ರೆಕಾರ್ಡಿಂಗ್ ಕೋಣೆಯೊಳಗೆ ಹೋಗೋಣ. ಆಗ ಟೇಪ್ ಇರಲಿಲ್ಲ. ಶಬ್ದವನ್ನು ಬೆಳಕಾಗಿ ಬದಲಿಸಿ ಫಿಲ್ಮಿನ ಮೇಲೆ ಅಚ್ಚು ಹಾಕುತ್ತಿದ್ದರು. ಆ ಫಿಲ್ಮನ್ನು ತೊಳೆದ ಮೇಲೆಯೇ ಹಾಡು ಹೇಗೆ ಬಂದಿದೆ ಅಂತ ಕೇಳಲು ಆಗುತ್ತಿದ್ದುದು. ಅಳಿಸಿ ಮತ್ತೆ ಮುದ್ರಿಸುವ ಮಾತಿಲ್ಲ. ತುಂಡು ತುಂಡಾಗಿ ಹಾಡಿ ಜೋಡಿಸುವ ಅನುಕೂಲವೂ ಇಲ್ಲ. ಗಾಯಕರು, ಪಿಟೀಲು, ಕೊಳಲು, ತಬಲಾ ಎಲ್ಲರೂ ಒಂದೇ ಕೋಣೆಯಲ್ಲಿ, ಒಂದೆರಡು ಮೈಕಿನ ಸುತ್ತ ನಿಂತು, ಮೊದಲಿನಿಂದ ಕೊನೆಯವರೆಗೆ ಒಂದೇ ಸಲ. ಮೂರನೇ ನಿಮಿಷದಲ್ಲಿ ಒಬ್ಬ ತಬಲಾದವನು ಎಡವಿದರೂ ಮತ್ತೆ ಮೊದಲಿನಿಂದ. ಎರಡನೇ ಮಹಾಯುದ್ಧದ ವರ್ಷಗಳಲ್ಲಿ ಕಚ್ಚಾ ಫಿಲ್ಮ್ ಸಿಗುವುದೇ ಕಷ್ಟವಾಗಿತ್ತು. ಹಾಗಾಗಿ ತಪ್ಪಿಗೆ ಬೆಲೆ ಜಾಸ್ತಿ. ಸ್ಟುಡಿಯೋಗಳಿಗೆ ಹೊರಗಿನ ಸದ್ದು ನುಗ್ಗುತ್ತಿದ್ದರಿಂದ ಎಷ್ಟೋ ಹಾಡುಗಳು ಶೂಟಿಂಗ್ ಮುಗಿದ ಮೇಲೆ ರಾತ್ರಿ ಹೊತ್ತು ಮುದ್ರಣವಾದವು.

ವಾದ್ಯಗಳ ಮತ್ತು ಗಾಯಕರ ದನಿಯ ಹದವನ್ನು ಆಮೇಲೆ ಸರಿಮಾಡಲು ಬರುತ್ತಿರಲಿಲ್ಲ. ಮೈಕಿಗೆ ಯಾರು ಎಷ್ಟು ಹತ್ತಿರ ನಿಲ್ಲುತ್ತಾರೆ ಅನ್ನುವುದರಲ್ಲೇ ಎಲ್ಲವೂ ತೀರ್ಮಾನವಾಗುತ್ತಿತ್ತು. 1942ರಲ್ಲಿ 'ಶಾರದಾ' ಚಿತ್ರಕ್ಕೆ ನೌಷಾದ್ ಹದಿಮೂರರ ಹುಡುಗಿ ಸುರಯ್ಯಾ ಅವರಿಂದ ಹಾಡಿಸಿದಾಗ ಅವಳಿಗೆ ಮೈಕ್ ಎಟುಕಲಿಲ್ಲ. ಸ್ಟೂಲಿನ ಮೇಲೆ ನಿಲ್ಲಿಸಿ ಹಾಡಿಸಿದರು. ತೆರೆಯ ಮೇಲೆ ಆ ದನಿ ಅವಳಿಗಿಂತ ಎಷ್ಟೋ ದೊಡ್ಡವರಾದ ನಟಿ ಮೆಹ್ತಾಬ್ ಅವರದಾಯಿತು.

ಇಂಥ ಕೋಣೆಯಲ್ಲಿ ಹೇಗೆ ಹಾಡಬೇಕು ಅಂತ ಕಲಿಸಿದವರು ಸಂಗೀತ ನಿರ್ದೇಶಕರೇ. ಲತಾ ಮಂಗೇಶ್ಕರ್ ತಮಗೆ ಉಸಿರಿನ ಪಾಠ ಹೇಳಿಕೊಟ್ಟವರು ಅನಿಲ್ ಬಿಸ್ವಾಸ್ ಅಂತ ಎಷ್ಟೋ ಸಲ ಹೇಳಿದ್ದರು. ಸಾಲಿನ ಎಲ್ಲಿ ಉಸಿರು ತೆಗೆದುಕೊಂಡರೆ ಕೇಳುಗನಿಗೆ ತಿಳಿಯುವುದಿಲ್ಲ, ಆಗ ಮೈಕಿನಿಂದ ಮುಖವನ್ನು ಹೇಗೆ ತಿರುಗಿಸಬೇಕು ಅನ್ನುವುದು ಆ ಪಾಠ. ಲತಾ ಹಾಡುಗಳಲ್ಲಿ ಉಸಿರಿನ ಸದ್ದೇ ಕೇಳುವುದಿಲ್ಲವಲ್ಲ, ಅದರ ಬೇರು ಇಲ್ಲಿದೆ.

ಇದನ್ನೆಲ್ಲ ಇಟ್ಟುಕೊಂಡು ನೋಡಿದರೆ ಸೈಗಲ್ ಅನುಕರಣೆಯ ಕಾರಣ ಸ್ಪಷ್ಟವಾಗುತ್ತದೆ. ಟೈಪ್‌ರೈಟರ್ ಮಾರುತ್ತಿದ್ದ ಸೈಗಲ್ ನ್ಯೂ ಥಿಯೇಟರ್ಸ್ ಸೇರಿ 'ದೇವದಾಸ್' ಚಿತ್ರದಿಂದ ದೇಶಕ್ಕೇ ಗೊತ್ತಾದರು. ಮೈಕಿನ ಹತ್ತಿರ ನಿಂತು ಮೆಲುದನಿಯಲ್ಲಿ, ಮಾತಾಡಿದ ಹಾಗೆ ಹಾಡಬಹುದು ಅಂತ ತೋರಿಸಿಕೊಟ್ಟವರು ಅವರು. ಸಿನಿಮಾ ಹಾಡು ಕಲಿಯುವ ಹುಡುಗನಿಗೆ ಗ್ರಾಮೊಫೋನೇ ಶಾಲೆ, ಸೈಗಲ್ ರೆಕಾರ್ಡೇ ಪಠ್ಯ. ನಿರ್ಮಾಪಕರಿಗೂ ಓಡುವ ದನಿಯೇ ಬೇಕಿತ್ತು. ಮುಕೇಶ್ ಅವರನ್ನು ದೆಹಲಿಯಿಂದ ಕರೆತಂದವರು ದೂರದ ನೆಂಟರಾದ ನಟ ಮೋತಿಲಾಲ್. ಒಂದು ಮದುವೆ ಮನೆಯಲ್ಲಿ ಹಾಡು ಕೇಳಿ ಮೆಚ್ಚಿಕೊಂಡಿದ್ದರು. 1941ರ 'ನಿರ್ದೋಷ್' ಚಿತ್ರದಲ್ಲಿ ಮುಕೇಶ್ ನಾಯಕನಾಗಿ ನಟಿಸಿ ಹಾಡಿದರೂ ಅದರಿಂದ ದಾರಿ ತೆರೆಯಲಿಲ್ಲ. ನಾಲ್ಕು ವರ್ಷ ಕಳೆದು 'ದಿಲ್ ಜಲ್ತಾ ಹೈ' ಬಂದಾಗ ಆ ಹಾಡಿಗೆ ತೆರೆಯ ಮೇಲೆ ತುಟಿ ಕೂಡಿಸಿದವರು ಅದೇ ಮೋತಿಲಾಲ್.

1947ರ ಜನವರಿ 18ರಂದು ಸೈಗಲ್ ತೀರಿಕೊಂಡರು. ಅದೇ ವರ್ಷ ದೇಶ ಒಡೆಯಿತು. ನೂರ್ ಜಹಾನ್ ಪಾಕಿಸ್ತಾನಕ್ಕೆ ಹೋದರು. ಗಾಯಕಿ-ನಟಿ ಖುರ್ಷಿದ್ ಕೂಡ ಹೋದರು. ಲಾಹೋರಿನ ಸ್ಟುಡಿಯೋಗಳು ಆ ಕಡೆ ಉಳಿದವು. ಸಂಬಳ ಕೊಡುವ ದೊಡ್ಡ ಸ್ಟುಡಿಯೋಗಳು ಯುದ್ಧಕಾಲದಲ್ಲಿ ಚಿತ್ರರಂಗಕ್ಕೆ ನುಗ್ಗಿದ ಹೊಸ ಹಣದ ಹೊಡೆತಕ್ಕೆ ಆಗಲೇ ಕುಸಿಯುತ್ತಿದ್ದವು. ತಾರೆಯರು ಚಿತ್ರಕ್ಕಿಷ್ಟು ಅಂತ ಹಣ ಕೇಳತೊಡಗಿದರು. ನಿರ್ಮಾಪಕ ಮುಖಕ್ಕೆ ಒಬ್ಬರನ್ನು, ದನಿಗೆ ಇನ್ನೊಬ್ಬರನ್ನು ಗೊತ್ತು ಮಾಡಿಕೊಳ್ಳುವುದು ಸಲೀಸಾಯಿತು. ದಿಲೀಪ್ ಕುಮಾರ್, ರಾಜ್ ಕಪೂರ್, ದೇವ್ ಆನಂದ್ ಮೂವರೂ ಗಾಯಕರಲ್ಲ. ಅವರಿಗೆಲ್ಲ ದನಿ ಬೇಕಿತ್ತು. ಹಳೆಯ ದೊಡ್ಡವರು ಒಟ್ಟಿಗೇ ಮರೆಯಾಗಿದ್ದರು. ಬಾಗಿಲು ಅಷ್ಟು ಅಗಲವಾಗಿ ತೆರೆದದ್ದು ಆಗ ಮಾತ್ರ.

ಲತಾ ಆ ಬಾಗಿಲಲ್ಲಿ ನಿಂತಿದ್ದರು. ಅಪ್ಪ ದೀನಾನಾಥ್ ಮಂಗೇಶ್ಕರ್ 1942ರ ಏಪ್ರಿಲ್‌ನಲ್ಲಿ ತೀರಿಕೊಂಡಾಗ ಲತಾಗೆ ಹನ್ನೆರಡು ವರ್ಷ, ಮೇಲೆ ಮನೆಯ ಭಾರ. ಅದೇ ವರ್ಷ ಒಂದು ಮರಾಠಿ ಚಿತ್ರಕ್ಕೆ ಹಾಡಿದ ಮೊದಲ ಹಾಡು ಚಿತ್ರದಲ್ಲಿ ಉಳಿಯಲೇ ಇಲ್ಲ. ಮಾಸ್ಟರ್ ವಿನಾಯಕ್ ಕಂಪನಿಯಲ್ಲಿ ಸಣ್ಣಪುಟ್ಟ ಪಾತ್ರ ಮಾಡಿದರು. ಮುಖಕ್ಕೆ ಬಣ್ಣ ಹಚ್ಚುವುದು ಅವರಿಗೆ ಸ್ವಲ್ಪವೂ ಇಷ್ಟವಿರಲಿಲ್ಲ. 1947ರಲ್ಲಿ ವಿನಾಯಕ್ ಕೂಡ ತೀರಿಕೊಂಡರು. ಆಗ ಕೈ ಹಿಡಿದವರು ಗುಲಾಂ ಹೈದರ್. ಅವರು ಲತಾರನ್ನು ಫಿಲ್ಮಿಸ್ತಾನ್ ಸ್ಟುಡಿಯೋದ ನಿರ್ಮಾಪಕ ಶಶಧರ್ ಮುಖರ್ಜಿ ಹತ್ತಿರ ಕರೆದುಕೊಂಡು ಹೋದರು. ದನಿ ತೀರಾ ತೆಳು ಅಂತ ಮುಖರ್ಜಿ ಬೇಡವೆಂದರು. ಅಮೀರ್‌ಬಾಯಿ, ಶಂಶಾದ್ ದನಿಗೆ ಒಗ್ಗಿದ ಕಿವಿಗೆ ಅದು ತೆಳುವಾಗಿ ಕೇಳಿಸಿದ್ದು ಸಹಜವೇ. ಹೈದರ್ ಬಿಡಲಿಲ್ಲ. ಲೋಕಲ್ ರೈಲಿಗೆ ಕಾಯುತ್ತ ಸ್ಟೇಷನ್ನಿನಲ್ಲೇ ಸಿಗರೇಟ್ ಡಬ್ಬಿಯ ಮೇಲೆ ತಾಳ ಹಾಕಿ ಒಂದು ರಾಗ ಹೇಳಿಕೊಟ್ಟರು. ಅದೇ 1948ರ 'ಮಜ್ಬೂರ್' ಚಿತ್ರದ 'ದಿಲ್ ಮೇರಾ ತೋಡಾ' ಆಯಿತು. ಇದೇ ದಿನಗಳಲ್ಲಿ ದಿಲೀಪ್ ಕುಮಾರ್ ಮರಾಠಿಗರ ಉರ್ದುವಿನಲ್ಲಿ ಬೇಳೆ-ಅನ್ನದ ವಾಸನೆ ಬರುತ್ತದೆ ಅಂದುಬಿಟ್ಟರು. ಲತಾ ಮೌಲ್ವಿಯೊಬ್ಬರನ್ನು ಗೊತ್ತು ಮಾಡಿಕೊಂಡು ಉರ್ದು ಕಲಿತರು.

1949ರಲ್ಲಿ 'ಅಂದಾಜ್', 'ಬರ್ಸಾತ್', 'ಮಹಲ್' ಎಲ್ಲ ಬಂದವು. 'ಮಹಲ್'ನ 'ಆಯೇಗಾ ಆನೇವಾಲಾ' ದೂರದಿಂದ ಹತ್ತಿರ ಬರುವ ಹೆಣ್ಣಿನ ದನಿ. ಆ ದೂರವನ್ನು ತರಲು ಯಂತ್ರದ ಸಹಾಯ ಇರಲಿಲ್ಲ. ಮೈಕನ್ನು ನಡುವೆ ಇಟ್ಟು, ಲತಾ ಕೋಣೆಯ ಮೂಲೆಯಿಂದ ಹಾಡುತ್ತ ಒಂದೊಂದೇ ಹೆಜ್ಜೆ ಮುಂದೆ ಬಂದರು. ಈಗ ಹೆಡ್‌ಫೋನ್ ಹಾಕಿಕೊಂಡು ಕೇಳಿದರೆ ಆ ನಡಿಗೆ ಕೇಳಿಸುತ್ತದೆ. ನೂರ್ ಜಹಾನ್ ಛಾಯೆ ಆ ಹೊತ್ತಿಗೆ ಕರಗಿತ್ತು.

ಗಂಡಸರಲ್ಲಿ ಯಾರ ದನಿ ಯಾರಿಗೆ ಅನ್ನುವುದು ಇನ್ನೂ ಗಟ್ಟಿಯಾಗಿರಲಿಲ್ಲ. 'ಅಂದಾಜ್'ನಲ್ಲಿ ಮುಕೇಶ್ ಹಾಡಿದ್ದು ದಿಲೀಪ್ ಕುಮಾರ್‌ಗೆ, ರಫಿ ಹಾಡಿದ್ದು ರಾಜ್ ಕಪೂರ್‌ಗೆ! ಮುಂದೆ ಮುಕೇಶ್ ದನಿ ರಾಜ್ ಕಪೂರ್‌ಗೆ, ರಫಿ ದನಿ ದಿಲೀಪ್‌ಗೆ ಅಂತ ಆದದ್ದರಿಂದ ನಮ್ಮ ಕಿವಿಗೆ ಇದು ತಲೆಕೆಳಗು ಅನಿಸುತ್ತದೆ. ಕಿಶೋರ್‌ಗೆ ನಿನ್ನದೇ ರೀತಿ ಹುಡುಕಿಕೋ ಅಂದವರು ಎಸ್.ಡಿ. ಬರ್ಮನ್. ತಲತ್ ಮಹಮೂದ್ ಕತೆ ಇನ್ನೂ ಬೇರೆ. ಲಖನೌ ರೇಡಿಯೋದಲ್ಲಿ ಹಾಡಿ, ಕಲ್ಕತ್ತೆಯಲ್ಲಿ ತಪನ್ ಕುಮಾರ್ ಅನ್ನುವ ಹೆಸರಿನಲ್ಲಿ ಬಂಗಾಳಿ ಹಾಡು ಹೇಳಿ, 1949ರಲ್ಲಿ ಮುಂಬೈಗೆ ಬಂದರು. ಅವರ ದನಿಯಲ್ಲಿ ಸಣ್ಣ ನಡುಕ. ಹೆದರಿ ಹಾಡುತ್ತಾನೆ ಅಂತ ಜನ ಆಡಿಕೊಂಡರು. ಅವರು ನಡುಕವನ್ನು ಅಡಗಿಸಲು ನೋಡಿದಾಗ ಅನಿಲ್ ಬಿಸ್ವಾಸ್ ಒಪ್ಪಲಿಲ್ಲ, ನನಗೆ ಆ ನಡುಕವೇ ಬೇಕು ಅಂದರು. 1950ರ 'ಆರ್ಜೂ' ಚಿತ್ರದ 'ಐ ದಿಲ್ ಮುಝೇ ಐಸಿ ಜಗಹ್ ಲೇ ಚಲ್' ಹಾಗೆ ಬಂತು. ಅನಿಲ್ ಬಿಸ್ವಾಸ್ ಹೆಸರು ಈ ಲೇಖನದಲ್ಲಿ ಮತ್ತೆ ಮತ್ತೆ ಬಂದದ್ದು ಸುಮ್ನೆ ಅಲ್ಲ. ಅವರಷ್ಟು ದನಿಗಳನ್ನು ತಿದ್ದಿದವರು ಕಡಿಮೆ.

ಇನ್ನು ಹೆಸರಿನ ವಿಷಯ. 'ಆಯೇಗಾ ಆನೇವಾಲಾ' ರೆಕಾರ್ಡ್ ಮೊದಲು ಬಂದಾಗ ಅದರ ಮೇಲೆ ಗಾಯಕಿ ಅಂತ ಅಚ್ಚಾಗಿದ್ದುದು ಕಾಮಿನಿ. ಅದು ಚಿತ್ರದಲ್ಲಿ ಮಧುಬಾಲಾ ಪಾತ್ರದ ಹೆಸರು. ಪಾತ್ರದ ಹೆಸರು ಹಾಕುವುದು ಆಗಿನ ರೂಢಿ. ಹಾಡು ಕೇಳಿದವರು ರೇಡಿಯೋಗೆ ಕಾಗದ ಬರೆದು ಯಾರು ಈ ಗಾಯಕಿ ಅಂತ ಕೇಳತೊಡಗಿದರು. ರೇಡಿಯೋದವರು ರೆಕಾರ್ಡ್ ಕಂಪನಿ ಎಚ್‌ಎಂವಿಯವರನ್ನು ಕೇಳಿ ಹೆಸರು ಹೇಳಬೇಕಾಯಿತು. ಆಮೇಲೆ ಗಾಯಕರ ಹೆಸರು ರೆಕಾರ್ಡಿನ ಮೇಲೆ ಬರುವುದು ಖಾಯಂ ಆಯಿತು. ಪ್ರಶಸ್ತಿಗೆ ಇನ್ನೂ ಹತ್ತು ವರ್ಷ ಕಾಯಬೇಕಿತ್ತು. 'ಚೋರಿ ಚೋರಿ' ಚಿತ್ರದ ಸಂಗೀತಕ್ಕೆ ಶಂಕರ್-ಜೈಕಿಶನ್ ಜೋಡಿ ಫಿಲ್ಮ್‌ಫೇರ್ ಪ್ರಶಸ್ತಿ ಗೆದ್ದಾಗ ಸಮಾರಂಭದಲ್ಲಿ ಹಾಡು ಅಂದರೆ ಲತಾ ಒಪ್ಪಲಿಲ್ಲ. ಪ್ರಶಸ್ತಿ ಸಂಗೀತಕ್ಕೆ ತಾನೇ, ಹಾಡಿದವರಿಗೆ ಇಲ್ಲವಲ್ಲ ಅಂದರು. ಗಾಯನಕ್ಕೆ ಪ್ರಶಸ್ತಿ ಶುರುವಾದದ್ದು 1959ರಲ್ಲಿ. ಮೊದಲು ಪಡೆದವರೂ ಲತಾ.

ಅದು ಗಂಡಸರಿಗೂ ಹೆಂಗಸರಿಗೂ ಸೇರಿ ಒಂದೇ ಪ್ರಶಸ್ತಿ. 1968ರಲ್ಲಿ ಎರಡಾಯಿತು. ಆಗ ಗಾಯಕಿಯರ ಮೊದಲ ಪ್ರಶಸ್ತಿ ಹೋದದ್ದು ಆಶಾ ಭೋಸ್ಲೆ ಅವರಿಗೆ. ಹತ್ತು ವರ್ಷದ ಹುಡುಗಿಯಾಗಿ 1943ರಲ್ಲಿ ಮರಾಠಿ ಚಿತ್ರಕ್ಕೆ ಹಾಡಿದವರು, 'ನಯಾ ದೌರ್' ಬರುವವರೆಗೆ ಹದಿನಾಲ್ಕು ವರ್ಷ ಬಹುಪಾಲು ಸಣ್ಣ ಬಜೆಟ್ಟಿನ ಚಿತ್ರಗಳಲ್ಲಿ, ಬೇರೆಯವರು ಬಿಟ್ಟ ಹಾಡುಗಳನ್ನು ಹಾಡಿದವರು ಅವರು.